ಕಾರವಾರದ ರಾತ್ರಿಯೂ ನಮ್ಮ ಅತ್ತೆಯವರೂ

ರಾತ್ರಿ ಇರುವುದು ಯಾತಕ್ಕೆ ಎಂಬ ಬಗ್ಗೆ ನಮ್ಮ ಇಳಕಲ್ಲಿನಲ್ಲಿ ಎರಡು ಅಭಿಪ್ರಾಯಗಳಿಲ್ಲ. ಮಲಗುವುದಕ್ಕೆ. ಹೊತ್ತು ಮುಳುಗಿ ಮಗ್ಗಗಳ ಸದ್ದು ನಿಂತಿತೆಂದರೆ ಊರು ಉಂಡು, ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತದೆ. ಆಮೇಲೆ ಎಚ್ಚರ ಇರುವವರು ಎರಡೇ ಜಾತಿ, ನಾಯಿಗಳು ಮತ್ತು ಹಲ್ಲುನೋವಿನವರು. ನಾಟಕದ ಕಂಪನಿ ಬಂದು ತಂಬು ಹೊಡೆದಾಗ ಮಾತ್ರ ಈ ಕಾನೂನಿಗೆ ರಜೆ. ಬೇಸಿಗೆಯಲ್ಲಿ ಗಾಳಿ ಯಾವ ಮೂಲೆಯಿಂದ ಬರುತ್ತದೆ ಎಂದು ಜಗಳವಾಡಿ ಹಾಸಿಗೆಯನ್ನು ನಾಲ್ಕೂ ದಿಕ್ಕಿಗೆ ಎಳೆದಾಡುವುದು, ಗಾಳಿ ಬರುವುದರೊಳಗೆ ನಿದ್ದೆ ಬಂದುಬಿಡುವುದು, ಇದೇ ನಮಗೆ ಗೊತ್ತಿದ್ದ ರಾತ್ರಿಯ ಮೋಜು. ಇದು ಸಾಲದು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಸಾಲದು ಎಂದು ತಿಳಿಸಿಕೊಟ್ಟವರು ನಾಯಕರು.

ನಾಯಕರು ಎಪ್ಪತ್ತರ ದಶಕದ ಕೊನೆಯಲ್ಲಿ ಕಾರವಾರದ ಕಡೆಯಿಂದ ಹುನಗುಂದದ ನಮ್ಮ ಕಚೇರಿಗೆ ವರ್ಗವಾಗಿ ಬಂದವರು. ನಾನು ಇಳಕಲ್ಲಿನಿಂದ ದಿನಾ ಕೆಂಪು ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ. ಅವರ ಮೇಜು ನನ್ನ ಮೇಜಿನ ಪಕ್ಕ. ಸಂಜೆ ಕಡತಗಳನ್ನು ಕಟ್ಟಿಡುವ ಹೊತ್ತಿಗೆ ಅವರು ಕಿಟಕಿಯಾಚೆಯ ಕರಿನೆಲವನ್ನು ನೋಡುತ್ತ, ಹೆಣ ನೋಡಿದವರ ಹಾಗೆ ಉಸಿರು ಬಿಡುತ್ತಿದ್ದರು. "ಈ ಹೊತ್ತಿಗೆ ನಮ್ಮಲ್ಲಿ ಗಾಳಿ ಶುರುವಾಗಿರ್ತದೆ" ಎನ್ನುತ್ತಿದ್ದರು. ಒಂದು ದಿನ ನನ್ನ ಕಡೆ ತಿರುಗಿ ಕೇಳಿದರು.

"ಅಲ್ಲ ಮಾರಾಯ್ರೆ, ರಾತ್ರಿ ಊಟ ಆದಮೇಲೆ ನಿಮ್ಮಲ್ಲಿ ಎಂಥ ಮಾಡ್ತೀರಿ?"

"ಮಲಗ್ತೀವ್ರಿ."

"ಆಮೇಲೆ?"

"ಏಳ್ತೀವ್ರಿ."

ಅವರು ನನ್ನನ್ನು ನೋಡಿದ ರೀತಿಗೆ ನನಗೇ ನನ್ನ ಮೇಲೆ ಮರುಕ ಹುಟ್ಟಿತು. ಆ ದಿನದಿಂದ ಅವರು ನನಗೆ ಸಮುದ್ರದಂಡೆಯ ಊರಿನ ರಾತ್ರಿಯನ್ನು ಕಂತುಕಂತಾಗಿ ಬಡಿಸಿದರು. ಉಂಡು ಉಸುಕಿನ ಮೇಲೆ ಅಡ್ಡಾಡುವುದು. ತೆರೆಗಳಿಗೆ ಕಾಲು ಕೊಟ್ಟು ನಿಲ್ಲುವುದು. ದೂರದ ದೀಪಸ್ತಂಭ ಕಣ್ಣು ಮಿಟುಕಿಸುವುದನ್ನು ನೋಡುವುದು. ಬಿಸಿ ಶೇಂಗಾ ತಿನ್ನುತ್ತ ದೋಣಿಗೆ ಬೆನ್ನು ಕೊಟ್ಟು ಕೂಡುವುದು. ಆಟ ಇದ್ದರೆ ಬೆಳತನಕ ಯಕ್ಷಗಾನ. "ಗಂಡ ಹೆಂಡತಿ ಒಮ್ಮೆ ಹೋಗಿ ಬನ್ನಿ. ರಾತ್ರಿ ಅಂದ್ರೆ ಎಂಥದು ಅಂತ ಗೊತ್ತಾಗ್ತದೆ" ಎಂದರು. ಗಂಡ ಹೆಂಡತಿ ಎಂಬ ಮಾತನ್ನು ಅವರು ಒತ್ತಿ ಹೇಳಿದ್ದನ್ನು ನಾನು ಗಮನಿಸಿದೆ. ಮದುವೆಯಾಗಿ ಹತ್ತು ವರ್ಷದ ಮೇಲಾಗಿತ್ತು; ನಾನೂ ನನ್ನ ಹೆಂಡತಿ ಶಾಂತಾಳೂ ಇಬ್ಬರೇ ಹೋದ ಅತಿ ದೂರದ ಪ್ರವಾಸವೆಂದರೆ ಬಾಗಲಕೋಟೆಯ ಕಣ್ಣಿನ ದವಾಖಾನೆ.

ಮನೆಯಲ್ಲಿ ವಿಷಯ ತೆಗೆದೆ. ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಸಮುದ್ರ ಹಗಲಿ ಇರೂದಿಲ್ಲೇನ್ರಿ?"

"ಇರತೈತಿ. ಆದ್ರ ರಾತ್ರಿದು ಬ್ಯಾರೆ ಅಂತ."

"ಕತ್ತಲ್ಯಾಗ ಹೋಗಿ ನೋಡೂದು ಏನೈತಿ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಯಾವಾಗ ಹೋಗೂಣು?" ಎಂದಳು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ನಾನು ಹೆದರಿದ್ದ ಮಾತನ್ನೂ ಆಡಿದಳು. "ಅವ್ವನೂ ಸಮುದ್ರ ನೋಡಿಲ್ಲ."

ಅವ್ವ ಎಂದರೆ ನಮ್ಮ ಅತ್ತೆ ನೀಲವ್ವನವರು. ಅವರ ಮನೆ ನಮ್ಮ ಓಣಿಯಿಂದ ಆಚೆ ಓಣಿ. ಗಂಡ ತೀರಿಕೊಂಡ ಮೇಲೆ ಮಗನನ್ನು ಮಗ್ಗದ ಕುಣಿಗೆ ಇಳಿಸಿ, ತಾವು ಮೇಲೆ ಕೂತು ನೂಲು ಸುತ್ತುತ್ತ ಮನೆತನವನ್ನು ನಡೆಸಿದವರು. ಅವರ ಬಗ್ಗೆ ಓದುಗರು ಒಂದು ವಿಷಯ ತಿಳಿದಿರಬೇಕು. ಅವರು ಹಳೆಯ ಕಾಲದ ಮರ್ಯಾದೆಯವರು; ಅಳಿಯನ ಎದುರಿಗೆ ತಲೆಯ ಮೇಲಿನ ಸೆರಗು ಜಾರಗೊಡುವವರಲ್ಲ, ಅಳಿಯನ ಕೂಡ ನೇರ ಮಾತಾಡುವವರೂ ಅಲ್ಲ. ನನಗೆ ಹೇಳಬೇಕಾದದ್ದನ್ನು ಮಗಳಿಗೆ ಹೇಳುತ್ತಾರೆ. ಮಗಳು ಇಲ್ಲದಿದ್ದರೆ ಗೋಡೆಗೆ ಹೇಳುತ್ತಾರೆ. ಒಮ್ಮೆ ನಾನು ಹಿತ್ತಲಲ್ಲಿ ಜಾರುವ ಕಲ್ಲಿನ ಮೇಲೆ ಕಾಲಿಡುತ್ತಿದ್ದಾಗ, ಅವರು ಎಮ್ಮೆಯ ಕಡೆ ತಿರುಗಿ "ಅಲ್ಲಿ ಪಾಚಿ ಐತಿ, ನೋಡಿ ಕಾಲಿಡಬೇಕು" ಎಂದರು. ಎಮ್ಮೆ ನೋಡಿತು. ನಾನು ಬಿದ್ದೆ.

ಇಂಥ ಅತ್ತೆಯವರು, "ನಾ ಎದಕ ಬರ್ಲವ್ವ? ನೀವು ಹೋಗಿಬರ್ರಿ. ಸಮುದ್ರ ನನಗೇನ್ ಮಾಡೂದೈತಿ?" ಎಂದು ಮಗಳ ಮುಂದೆ ಖಡಾಖಂಡಿತ ಹೇಳಿಬಿಟ್ಟರು. ನನಗೆ ಸಮಾಧಾನವಾಯಿತು. ಮರುದಿನ ಅವರ ಮನೆಯ ಮುಂದೆ ಹಾಯುವಾಗ ನೋಡಿದರೆ, ಕಟಕ ರೊಟ್ಟಿಯ ಅಟ್ಟಿ ನನ್ನ ಮೊಣಕಾಲಿನವರೆಗೆ ಬಂದಿತ್ತು. ಪಕ್ಕದಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಒಂದು ಕಂಬಳಿ, ಸಮುದ್ರದ ನೀರು ತರುವುದಕ್ಕೆ ಮುಚ್ಚಳದ ತಂಬಿಗೆ. ದೀಪಾವಳಿ ರಜೆಯಲ್ಲಿ ಮಕ್ಕಳನ್ನು ಭಾವಮೈದುನನ ಮನೆಯಲ್ಲಿ ಬಿಟ್ಟು ನಾವು ಮೂವರು ಹೊರಟೆವು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರದ ಕಾಡು ಹೊಕ್ಕಮೇಲೆ ಅತ್ತೆಯವರು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಮಗಳನ್ನು ಕೇಳಿದರು. "ಇಷ್ಟೂ ಗಿಡ ಯಾರು ಹಚ್ಚಿದ್ರು?" ಯಾರೂ ಹಚ್ಚಿಲ್ಲ, ತಾವೇ ಬೆಳೆದವು ಎಂದಳು ಶಾಂತಾ. "ನೀರು ಯಾರು ಹಾಕ್ತಾರ?" ಮಳೆ ಎಂದಳು. ಅತ್ತೆಯವರು ನಂಬಲಿಲ್ಲ. ನಮ್ಮ ಕಡೆಯ ಮಳೆಯನ್ನು ಬಲ್ಲವರು ಆ ಮಾತನ್ನು ನಂಬುವುದು ಕಷ್ಟ.

ಕಾರವಾರದಲ್ಲಿ ನಾಯಕರು ಹೇಳಿದ್ದ ವಸತಿಗೃಹದಲ್ಲಿ ಗಂಟು ಇಳಿಸಿ, ಕೈಕಾಲು ತೊಳೆದು, ತಂದ ರೊಟ್ಟಿಯಲ್ಲೇ ಬೇಗ ಊಟ ಮುಗಿಸಿದೆವು. ಊರಿನ ತುಂಬ ಮೀನಿನ ವಾಸನೆ. ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು, ಯಾರ ಮೇಲೂ ತಪ್ಪು ಹೊರಿಸದೆ ನಡೆದರು. ಉಸುಕಿನ ದಂಡೆಗೆ ಬಂದಾಗ ಹೊತ್ತು ಮುಳುಗಿ ಸ್ವಲ್ಪ ಬೆಳಕು ಉಳಿದಿತ್ತು. ಅತ್ತೆಯವರು ನಿಂತರು. ಮೂಗಿನ ಮೇಲಿನ ಸೆರಗು ಬಿಟ್ಟರು.

"ಇದರ ಆ ಕಡೆ ದಂಡಿ ಎಲ್ಲಿ ಐತಿ?"

"ಕಾಣೂದಿಲ್ಲವ್ವ."

"ಕಾಣೂದಿಲ್ಲೋ, ಇಲ್ಲೇ ಇಲ್ಲೋ?"

ಅವರು ಕಂಡ ಅತಿ ದೊಡ್ಡ ನೀರು ಕೂಡಲಸಂಗಮದ್ದು. ಅಲ್ಲಿ ಹೊಳೆ ಎಷ್ಟೇ ತುಂಬಿದರೂ ಆಚೆ ದಂಡೆಯ ಎಮ್ಮೆ ಕಾಣುತ್ತದೆ. ಅವರು ಬಗ್ಗಿ ಒಂದು ಹನಿ ನೀರನ್ನು ನಾಲಿಗೆಗೆ ಹಚ್ಚಿ ನೋಡಿ ಉಗುಳಿದರು. "ಇಷ್ಟೆಲ್ಲಾ ನೀರು ಕೊಟ್ಟ ದೇವರು ಉಪ್ಪು ಯಾಕ ಸುರುವಿದ?" ಎಂದು ಸಮುದ್ರವನ್ನೇ ಕೇಳಿದರು. ಕತ್ತಲಾದ ಮೇಲೆ ದೂರದಲ್ಲಿ ದೋಣಿಗಳ ದೀಪಗಳು ಸಾಲಾಗಿ ಕಂಡವು. "ಅದು ಯಾವ ಊರು?" ಎಂದರು. ಊರಲ್ಲ, ಮೀನು ಹಿಡಿಯುವವರು ನೀರಿನ ಮೇಲೆ ಇದ್ದಾರೆ ಎಂದು ತಿಳಿದಾಗ, "ಅವರ ಮನಿಯಾಗ ಹೆಣ್ಮಕ್ಕಳಿಗೆ ನಿದ್ದಿ ಹ್ಯಾಂಗ ಬರತೈತೋ" ಎಂದು ಆ ದೀಪಗಳನ್ನು ಎಣಿಸತೊಡಗಿದರು.

ಇನ್ನು ನಾಯಕರ ಉಪದೇಶವನ್ನು ಆಚರಣೆಗೆ ತರುವುದು. ದಂಡೆಯ ಮೇಲೆ ಎಳೆದಿಟ್ಟಿದ್ದ ಒಂದು ದೊಡ್ಡ ದೋಣಿಯ ಪಕ್ಕ ಕಂಬಳಿ ಹಾಸಿ, ಅತ್ತೆಯವರನ್ನು ಕೂಡ್ರಿಸಿ, ಬಿಸಿ ಶೇಂಗಾದ ಪೊಟ್ಟಣ ಕೈಗೆ ಕೊಟ್ಟೆವು. ನಾನು ಶಾಂತಾಳ ಮೂಲಕ ಹೇಳಿಸಿದೆ. "ನಾವು ಬರೂತನಕ ಈ ದೋಣಿ ಬಿಟ್ಟು ಅಲುಗಬ್ಯಾಡ್ರಿ." ಇದು ಗುರುತಿಗೆಂದು ನಾನು ಬಹಳ ಯೋಚಿಸಿ ಆರಿಸಿದ ದೋಣಿ. ನಮ್ಮ ಮನೆಯ ಅಂಗಳಕ್ಕಿಂತ ದೊಡ್ಡದಿತ್ತು, ಕತ್ತಲೆಯಲ್ಲೂ ಕಾಣುವಂತಿತ್ತು.

ನಾವಿಬ್ಬರೂ ನಡೆದೆವು. ತೆರೆ ಬಂದು ಕಾಲು ಮುಚ್ಚಿ ಹಿಂದೆ ಹೋಗುವಾಗ ಪಾದದ ಕೆಳಗಿನ ಉಸುಕನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲ ಸಲಕ್ಕೆ ಮನುಷ್ಯನಿಗೆ ನೆಲವೇ ಜಾರಿದಂತಾಗುತ್ತದೆ. ಶಾಂತಾ "ಅಯ್ಯಯ್ಯ" ಎಂದು ನನ್ನ ಕೈ ಹಿಡಿದಳು. ತೆರೆ ಹೋಯಿತು, ಕೈ ಬಿಡಲಿಲ್ಲ. ಇಳಕಲ್ಲಿನಲ್ಲಿ ನಾವು ಬಜಾರಕ್ಕೆ ಹೋದರೆ ನಾನು ಮುಂದೆ, ಆಕೆ ಹತ್ತು ಮಾರು ಹಿಂದೆ. ಇಲ್ಲಿ ಯಾರಿಗೂ ನಾವು ಯಾರೆಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಕಾಣುತ್ತಿರಲಿಲ್ಲ. ಗಾಳಿಗೆ ಆಕೆಯ ಸೆರಗು ನನ್ನ ಮುಖಕ್ಕೆ ಬಡಿಯುತ್ತಿತ್ತು. ದೀಪಸ್ತಂಭ ನಾಯಕರು ಹೇಳಿದ ಹಾಗೆಯೇ ಕಣ್ಣು ಮಿಟುಕಿಸಿತು. ಇಂಥ ಹೊತ್ತಿನಲ್ಲಿ ಏನಾದರೂ ಆಡಬೇಕು ಎಂದು ನಾನು ಮಾತು ಹುಡುಕುತ್ತಿದ್ದಾಗ ಆಕೆಯೇ ಮೆಲ್ಲಗೆ, "ರೀ" ಎಂದಳು.

"ಏನು?"

"ತೊಗರಿಬ್ಯಾಳಿ ಡಬ್ಬಿ ಮುಚ್ಚಳ ಹಾಕೇನೋ ಇಲ್ಲೋ ಅಂತ."

ಆದರೂ ಕೈ ಬಿಟ್ಟಿರಲಿಲ್ಲ. ಸಾಕು ಅನ್ನಿಸಿತು ನನಗೆ. ಹಾಗೇ ಬಹಳ ದೂರ ಹೋದೆವು, ತಿರುಗಿ ಬಂದೆವು. ಬಂದರೆ ದೋಣಿ ಇರಲಿಲ್ಲ.

ನಮ್ಮ ಕಡೆಯವರು ಒಂದು ಗುರುತು ಹಿಡಿದರೆ ಅದು ಬೇವಿನ ಮರವೋ, ಅಗಸಿ ಬಾಗಿಲೋ, ಗುಡಿಯ ಕಟ್ಟೆಯೋ ಆಗಿರುತ್ತದೆ. ಅವು ಇದ್ದಲ್ಲಿ ಇರುತ್ತವೆ. ಹಾಗಾಗಿ ದೋಣಿ ಎದ್ದು ಹೋಗಿರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾವೇ ಇನ್ನೂ ಅಲ್ಲಿಗೆ ತಲುಪಿಲ್ಲ ಎಂದುಕೊಂಡು ಮುಂದೆ ಹೋದೆವು. ಆಮೇಲೆ ದಾಟಿ ಬಂದೆವೆಂದು ಹಿಂದೆ ಬಂದೆವು. ಉಸುಕೆಲ್ಲ ಒಂದೇ ತರಹ. ಶಾಂತಾ "ಅವ್ವಾ" ಎಂದು ಕೂಗಿದಳು. ಆಕೆಯ ಕೂಗು ಹೊರಡುವುದಕ್ಕೂ ತೆರೆ ಬಡಿಯುವುದಕ್ಕೂ ಸರಿಹೋಗುತ್ತಿತ್ತು. ನೀರು ಮೊದಲಿಗಿಂತ ಮೇಲೆ ಬಂದಂತೆ ನನಗೆ ಕಂಡಿತು. ಸಮುದ್ರ ರಾತ್ರಿ ಏರುತ್ತದೆ ಎಂದು ಸಾಲಿಯಲ್ಲಿ ಓದಿದ್ದು ಆಗಲೇ ನೆನಪಾಗಬೇಕೆ!

"ನೀ ಹೇಳಿದ್ದಿಲ್ಲೇನು, ಅಲುಗಬ್ಯಾಡ ಅಂತ?" ಎಂದೆ.

"ಹೇಳಿದ್ದಕ್ಕ ಅಂಜಿಕಿ ನನಗ" ಎಂದಳು ಶಾಂತಾ. "ನೀರು ಬಂದ್ರೂ ಅವ್ವ ಅಲುಗೂದಿಲ್ಲ. ಅಳಿಯಾರು ಹೇಳ್ಯಾರ ಅಂತ ಕೂತೇ ಇರ್ತಾಳ."

ಆ ಮಾತು ಕೇಳಿ ನಾನು ಉಸುಕಿನ ಮೇಲೆ ಕೂತುಬಿಟ್ಟೆ. ನಾನು ಮಾತಿನಲ್ಲಿ ಗಟ್ಟಿಗ, ಇಂಥದ್ದಕ್ಕಲ್ಲ. ಆ ಹಿರಿಯರು ಹೊತ್ತಿಲ್ಲದ ಹೊತ್ತಿನಲ್ಲಿ ನಮ್ಮ ಮಕ್ಕಳ ಜ್ವರಕ್ಕೆ ಓಡಿಬಂದದ್ದು, ನನಗೆ ಹುಳಿ ಸೇರದು ಎಂದು ನನ್ನ ಪಾಲಿನ ಸಾರನ್ನು ಬೇರೆ ಗಡಿಗೆಯಲ್ಲಿ ಇಡುತ್ತಿದ್ದದ್ದು, ಎಲ್ಲ ಕಣ್ಣಮುಂದೆ ಬಂತು. ಹತ್ತು ವರ್ಷದಲ್ಲಿ ನಾನೂ ಒಮ್ಮೆಯೂ ಅವರ ಕೂಡ ಎದುರಾ ಎದುರು ಮಾತಾಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದು ಗಾಳಿಗೆ ಎಂದು ಶಾಂತಾಳಿಗೆ ಹೇಳಿದೆ.

ದಾರಿಗೆ ಓಡಿಬಂದು ಪೊಲೀಸ್ ಚೌಕಿ ಹುಡುಕಿದೆವು. ಅಲ್ಲಿದ್ದ ಪೊಲೀಸಪ್ಪ ಸಮಾಧಾನದ ಮನುಷ್ಯ. ನಮ್ಮನ್ನು ಬೆಂಚಿನ ಮೇಲೆ ಕೂಡ್ರಿಸಿ, "ಎಂಥ ಆಯ್ತು? ಗುರುತು ಹೇಳಿ" ಎಂದ. ನಾನು "ಇಳಕಲ್ ಸೀರೆ ಉಟ್ಟಾರ" ಎಂದೆ. ಯಾವ ಬಣ್ಣ ಎಂದರೆ ಹೇಳಲು ಬರಲಿಲ್ಲ. ಶಾಂತಾ ಬಿಕ್ಕುತ್ತಲೇ, "ದಾಳಿಂಬರಿ ಬಣ್ಣರಿ, ಗೋಮಿ ದಡಿ, ಕೆಂಪು ರೇಷ್ಮಿ ಸೆರಗು, ಸೆರಗಿನ ತುದೀಲಿ ಬಿಳಿ ತೆನಿ, ನಮ್ಮಣ್ಣನ ಮಗ್ಗದ್ದು" ಎಂದಳು. ಅವನು ಮುಖ ನೋಡಿ, "ಕತ್ತಲಲ್ಲಿ ದಡಿ ಕಾಣುವುದಿಲ್ಲ ಅಕ್ಕ. ಕೂತ ಜಾಗ ಹೇಳಿ" ಎಂದ.

"ಒಂದು ದೊಡ್ಡ ದೋಣಿ ಬಾಜೂಕ" ಎಂದೆ.

ಅವನು ಎದ್ದ. ಆಮೇಲೆ ಟೋಪಿ ಹಾಕಿಕೊಂಡು, "ಮಾರಾಯ್ರೆ, ದೋಣಿ ಇರೋದೇ ಹೋಗ್ಲಿಕ್ಕೆ. ಇವತ್ತು ರಂಪಣಿ ಬಿಟ್ಟಿದ್ದಾರೆ, ಬನ್ನಿ" ಎಂದು ಹೊರಟ. ದಾರಿಯಲ್ಲಿ ತಿಳಿಸಿದ. ರಂಪಣಿ ಎಂದರೆ ಬಹಳ ದೊಡ್ಡ ಬಲೆ. ದೋಣಿ ಅದನ್ನು ಸಮುದ್ರದಲ್ಲಿ ಅರ್ಧ ಚಂದ್ರನ ಹಾಗೆ ಬಿಟ್ಟು ಬರುತ್ತದೆ. ಎರಡೂ ಕಡೆಯ ಹಗ್ಗಗಳನ್ನು ದಂಡೆಯ ಮೇಲಿನ ಜನ ಸಾಲಾಗಿ ಹಿಡಿದು ಎಳೆಯುತ್ತಾರೆ. ಕೈ ಎಷ್ಟಿದ್ದರೂ ಸಾಲದು.

ನಾವು ಎರಡು ಸಲ ಹಾಯ್ದು ಬಂದಿದ್ದ ಜಾಗದಲ್ಲೇ ಪೆಟ್ರೊಮ್ಯಾಕ್ಸ್ ದೀಪ ಇತ್ತು, ಜನ ಇತ್ತು. ನಾವು ಹುಡುಕುತ್ತಿದ್ದದ್ದು ಒಬ್ಬರೇ ಕೂತ ಹೆಂಗಸನ್ನು. ಗುಂಪನ್ನು ಕಂಡಾಗೆಲ್ಲ ಬಳಸಿ ಹೋಗಿದ್ದೆವು. ಹಗ್ಗದ ಸಾಲಿನಲ್ಲಿ ಗಂಡಸರು, ಕಚ್ಚೆ ಹಾಕಿದ ಮೀನುಗಾರ ಹೆಂಗಸರು. ಅವರ ನಡುವೆ, ದಾಳಿಂಬರಿ ಸೀರೆಗೆ ತಾವೂ ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿತಲೆಯಲ್ಲಿ ನಮ್ಮ ಅತ್ತೆಯವರು. ಎಲ್ಲರೂ ಕೂಗಿದಾಗ ಅವರೂ ಕೂಗುತ್ತಿದ್ದರು. ಅದು ಯಾವ ಭಾಷೆಯೋ, ಕೂಗು ಮಾತ್ರ ಎಲ್ಲರಿಗಿಂತ ದೊಡ್ಡದಿತ್ತು.

ಶಾಂತಾ "ಅವ್ವಾ!" ಎಂದು ಕಿರುಚಿದಳು. ಅತ್ತೆಯವರು ತಿರುಗಿ ನೋಡಿದರು. ಮಗಳನ್ನು ನೋಡಿ, ಪೊಲೀಸನನ್ನು ನೋಡಿ, ಕೊನೆಗೆ ನನ್ನನ್ನು ನೋಡಿದರು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ, ಎಮ್ಮೆ ಗೋಡೆ ಯಾವುದರ ಸಹಾಯವೂ ಇಲ್ಲದೆ, ನನಗೆ ನೇರವಾಗಿ ಅಂದರು.

"ಎಲ್ಲಿ ಹೋಗಿದ್ರಿ ಇಷ್ಟೊತ್ತು? ಬರ್ರಿ, ಹಗ್ಗ ಹಿಡೀರಿ!"

ನಾನು ಹಿಡಿದೆ. ಹಿಡಿಯದೆ ಇರುವ ಧೈರ್ಯ ಆಗಲಿಲ್ಲ. ಶಾಂತಾ ಅಳುತ್ತಲೇ ಹಿಡಿದಳು. ಪೊಲೀಸಪ್ಪನೂ ಟೋಪಿ ತೆಗೆದು ಉಸುಕಿನ ಮೇಲಿಟ್ಟು ಕೈ ಹಚ್ಚಿದ. ಎಳೆಯುವ ನಡುವೆ ಉಸಿರು ಸಿಕ್ಕಾಗ ಅತ್ತೆಯವರು ನಡೆದದ್ದನ್ನು ಹೇಳಿದರು. ದೋಣಿಯವರು ಬಂದು ಸನ್ನೆ ಮಾಡಿ ಕಂಬಳಿ ಸರಿಸಲು ಹೇಳಿದರಂತೆ. ಇವರು ಒಂದು ಮಾರು ಸರಿದು ಕೂತರಂತೆ. "ಹಗ್ಗದ ತುದಿ ನನ್ನ ಬಾಜೂಕ ಇಟ್ಟು ಹೋದ್ರು. ಆಮ್ಯಾಲ ಈ ಹೆಣ್ಮಕ್ಕಳು ಬಂದು ಜಗ್ಗಾಕ ಹತ್ತಿದ್ರು. ಒಬ್ಬಾಕಿ ಬಸರಿ ಇದ್ದಳು. ಅಕಿ ಜಗ್ಗೂದು ನೋಡ್ಕೋತ ನಾ ಶೇಂಗಾ ತಿನ್ನಲೇನು?" ತವರಿನವರ ಸೀರೆ ವ್ಯಾಪಾರ ಸೊಲ್ಲಾಪುರಕ್ಕೆ ಇದ್ದುದರಿಂದ ಅವರಿಗೆ ಅಷ್ಟಿಷ್ಟು ಮರಾಠಿ ಬರುತ್ತಿತ್ತು, ಆ ಹೆಂಗಸರ ಕೊಂಕಣಿಗೆ ಅದನ್ನು ಗಂಟುಹಾಕಿ, ಬಸುರಿಯನ್ನು ತಮ್ಮ ಕಂಬಳಿಯ ಮೇಲೆ ಕೂಡ್ರಿಸಿ, ಶೇಂಗಾ ಆಕೆಯ ಕೈಗೆ ಕೊಟ್ಟು, ಆಕೆಯ ಜಾಗದಲ್ಲಿ ಇವರು ನಿಂತಿದ್ದರು.

ಬಲೆ ದಂಡೆಗೆ ಬಂತು. ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಸಾವಿರಾರು ಬಂಗಡೆ ಮೀನು ಬೆಳ್ಳಿ ಕುದಿದ ಹಾಗೆ ಕುದಿಯಿತು. ನಾನು ಅತ್ತೆಯವರನ್ನು ನೋಡಿದೆ. ಲಿಂಗಪೂಜೆ ಆಗದೆ ನೀರು ಮುಟ್ಟದವರು. ತತ್ತಿ ಮಾರುವವ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದ ಎಂದು ಕಟ್ಟೆ ತೊಳೆಸಿದವರು. ಎಲ್ಲಿ ತಲೆ ತಿರುಗಿ ಬೀಳುತ್ತಾರೋ ಎಂದು ಶಾಂತಾ ಹಿಂದೆ ಹೋಗಿ ನಿಂತಳು. ಅವರು ಬಗ್ಗಿ ನೋಡಿದರು.

"ಇದಕ್ಕೇನು ಇವರು ಜಗ್ಗಿದ್ದು?"

"ಹೂಂನವ್ವ. ನಿನಗ ಗೊತ್ತಿದ್ದಿಲ್ಲೇನು?"

"ನಾ ಹಗ್ಗ ಜಗ್ಗೇನಿ" ಎಂದರು ಅತ್ತೆಯವರು. "ಒಳಗ ಏನಿತ್ತು ಅನ್ನೂದು ಅವರಿಗೆ ಬಿಟ್ಟಿದ್ದು."

ವಿಷಯ ಅಲ್ಲಿಗೇ ಮುಗಿಯಲಿಲ್ಲ. ರಂಪಣಿಯಲ್ಲಿ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಉಂಟು. ಆ ಬಸುರಿಯ ಅತ್ತೆ, ನಮ್ಮವರ ವಯಸ್ಸಿನಾಕೆ, ಒಂದು ಬುಟ್ಟಿ ಬಂಗಡೆ ತಂದು ಇವರ ಮುಂದೆ ಇಟ್ಟಳು. ನಾನೂ ಶಾಂತಾಳೂ ಒಂದು ಹೆಜ್ಜೆ ಹಿಂದೆ ಸರಿದೆವು. ಅತ್ತೆಯವರೇ ಅಂದರು. "ದುಡದದ್ದರ ಪಾಲು ಬ್ಯಾಡ ಅನಬಾರದು, ಕಾಯಕಕ್ಕ ಅಪಮಾನ. ತಗೊಂಡು ಹೋಗಾಕೂ ಬರೂದಿಲ್ಲ." ಬುಟ್ಟಿಯನ್ನು ಎರಡೂ ಕೈಯಿಂದ ಮುಟ್ಟಿ ನಮಸ್ಕಾರ ಮಾಡಿ, ಅದನ್ನು ಬಸುರಿಯ ಮುಂದೆ ಸರಿಸಿದರು. ಆ ಮುದುಕಿಯೂ ಹಟದವಳೇ. ಬರಿಗೈಯಲ್ಲಿ ಕಳಿಸುವುದಿಲ್ಲವೆಂದು ಮನೆಗೆ ಓಡಿಹೋಗಿ ಒಂದು ಗೋಣಿಚೀಲ ತೆಂಗಿನಕಾಯಿ ತಂದಳು. ಚೀಲವನ್ನು ವಸತಿಗೃಹದವರೆಗೆ ಹೊತ್ತದ್ದು ನಾನು. ಅತ್ತೆಯವರು ತಲೆಗೆ ನೀರು ಹಾಕಿಕೊಂಡು, ಬಹಳ ಹೊತ್ತು ಪೂಜೆ ಮಾಡಿ, ಮಗುವಿನ ಹಾಗೆ ಮಲಗಿದರು. ಮರುದಿನ ಯಕ್ಷಗಾನಕ್ಕೆ ಹೋದಾಗಲೂ ರಾತ್ರಿಯ ಮೋಜು ಅವರ ಪಾಲಿಗೇ. ನಾನೂ ಶಾಂತಾಳೂ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋದೆವು. ಅತ್ತೆಯವರು ಬೆಳತನಕ ನೋಡಿ, ರಾಕ್ಷಸನದೇ ನ್ಯಾಯ ಎಂದು ತೀರ್ಪು ಕೊಟ್ಟರು.

ಇಳಕಲ್ಲಿಗೆ ಮರಳಿದ ಮೇಲೆ ತೆಂಗಿನಕಾಯಿಗಳು ಓಣಿಯ ಮನೆಮನೆಗೂ ಹೋದವು. ಸಮುದ್ರದ ಊರಿನ ಕಾಯಿ ಎಂದು ಎರಡು ಗುಡಿಗೂ ಹೋದವು. ಅವು ಯಾವುದರ ಬದಲಿಗೆ ಬಂದವು ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಾಯಿಯ ಜೊತೆಗೆ ಸಮಾಚಾರವೂ ಹೋಗಿತ್ತೆಂಬುದು ನನಗೆ ತಿಳಿದದ್ದು ನಾಲ್ಕು ದಿನ ತಡವಾಗಿ. ಬಸ್ಸಿಳಿದು ಬರುತ್ತಿದ್ದಾಗ, ಅತ್ತೆಯವರ ಮನೆಯ ಕಟ್ಟೆಯ ಮೇಲೆ ಹೆಂಗಸರ ಸಭೆ ಸೇರಿತ್ತು. ನಾನು ಗೋಡೆಯ ಮರೆಯಲ್ಲಿ ನಿಂತೆ.

"ನಾ ಕೂತಲ್ಲೇ ಕೂತೇನಿ" ಎನ್ನುತ್ತಿದ್ದರು ಅತ್ತೆಯವರು. "ನಮ್ಮ ಅಳಿಯಾರೇ ಕತ್ತಲ್ಯಾಗ ಕಳಕೊಂಡ್ರವ್ವ. ಎಲ್ಲೆಲ್ಲಿ ಹೋಗಿದ್ರೋ ಏನೋ. ಕಡೀಕ ಒಬ್ಬ ಪೊಲೀಸಪ್ಪ, ಪಾಪ, ಛಲೋ ಮನಶ್ಯಾ, ಕರಕೊಂಡು ಬಂದು ನನಗ ಒಪ್ಪಿಸಿದ. ಕಣ್ಣಾಗ ನೀರು ತಂದಿದ್ರು. ನಾ ಅಂಜಬ್ಯಾಡ್ರಿ ಅಂತ ಕೈಯಾಗ ಹಗ್ಗ ಕೊಟ್ಟೆ, ಆಮ್ಯಾಲ ಸಮಾಧಾನ ಆದ್ರು."

"ಅಯ್ಯ ಶಿವನ! ಇಷ್ಟು ಕಲತವರು!" ಎಂದಳು ಒಬ್ಬಾಕೆ.

ನಾನು ಮನೆಗೆ ಬಂದು, ಈ ಕಥೆಯಲ್ಲಿ ಸುಳ್ಳು ಎಷ್ಟಿದೆ ಎಂದು ಶಾಂತಾಳ ಮುಂದೆ ಲೆಕ್ಕ ಹಾಕಲು ಕೂತೆ. ಅವರು ಕೂತಲ್ಲೇ ಕೂತಿದ್ದರು. ಪೊಲೀಸನ ಜೊತೆ ಬಂದವನು ನಾನು. ಕಣ್ಣಲ್ಲಿ ನೀರಿತ್ತು. ಹಗ್ಗ ಕೊಟ್ಟವರು ಅವರು. ಶಾಂತಾ, "ಅವ್ವ ಸುಳ್ಳು ಹೇಳಾಕಿ ಅಲ್ಲ ಬಿಡ್ರಿ" ಎಂದಳು. ನಾನು ಬಿಟ್ಟೆ.

ಮುಂದಿನ ದೀಪಾವಳಿ ಹತ್ತಿರ ಬಂದಾಗ ಅತ್ತೆಯವರು ನಮ್ಮ ಮನೆಗೆ ಬಂದು, ಆ ಬಸುರಿಗೆ ಗಂಡೋ ಹೆಣ್ಣೋ ಏನಾಯಿತೋ ನೋಡಿಕೊಂಡು ಬರೋಣ, ಕೂಸಿನ ತಲೆಗೊಂದು ಕುಲಾಯಿ ಹೊಲಿದಿದ್ದೇನೆ ಎಂದು ಮಗಳಿಗೆ ಹೇಳಿದರು. ನಾನು ಒಳಗಿನ ಕೋಣೆಯಿಂದ ಚೀಲ ಹೊರಗೆ ತೆಗೆದೆ. ಅದನ್ನು ನೋಡಿ ಅತ್ತೆಯವರು ಮೆಲ್ಲಗೆ, ಆದರೆ ಈ ಸಲವೂ ನೇರವಾಗಿ ನನಗೇ ಅಂದರು. "ನೀವು ಬ್ಯಾಡ್ರಿ. ನಿಮ್ಮನ್ನ ಹುಡುಕೂದರಾಗ ರಾತ್ರಿ ಎಲ್ಲಾ ಹೋಗಿಬಿಡತೈತಿ."

ತಾಯಿ ಮಗಳು ಇಬ್ಬರೇ ಹೋದರು. ನನ್ನನ್ನೂ ಮಕ್ಕಳನ್ನೂ ಭಾವಮೈದುನನ ಮನೆಯಲ್ಲಿ ಬಿಟ್ಟರು. ಬಸ್ಸು ಹೊರಡುವಾಗ ಅತ್ತೆಯವರು ಕಿಟಕಿಯಿಂದ ತಲೆ ಹೊರಹಾಕಿ ಮಗನಿಗೆ ಎಲ್ಲ ಸೂಚನೆಗಳನ್ನೂ ಕೊಟ್ಟರು. ಮಕ್ಕಳು ಜಾಣರು, ಅವರ ಚಿಂತೆ ಇಲ್ಲವಂತೆ. ಕತ್ತಲಾದ ಮೇಲೆ ನನ್ನೊಬ್ಬನನ್ನು ಮಾತ್ರ ಹೊರಗೆ ಬಿಡಬಾರದಂತೆ.